ಕಂಬಕ್ಕೆ ತೂಗಿದ ಬಿಲ್ಲೆ

ಮಶಾಕ್ ಅವರೇ, ಅಂದು ನಿಮ್ಮ ಜೀಪಿನ ಎಚ್ಚರಿಕೆಯ ಪೆಟ್ಟಿಗೆ ಆರಿರಲಿಲ್ಲ. ನೀವು ಅದನ್ನು ಆರಿಸಿರಲಿಲ್ಲ. ಈ ಸಂಗತಿ ನನಗೆ ಅಂದೇ, ಆ ಕೋಣೆಯಲ್ಲಿ ನಿಮ್ಮ ಎದುರಿಗೆ ಕುಳಿತಿದ್ದಾಗಲೇ ಗೊತ್ತಿತ್ತು. ಗೊತ್ತಿದ್ದೂ ನಾನು ಬೇರೆಯ ಮಾತನ್ನಾಡಿದೆ.

ಮೊದಲು ಈ ಬರಹವನ್ನು ‘ಒಂದು ತಪ್ಪು ನಡೆದುಹೋಯಿತು’ ಎಂದು ಆರಂಭಿಸಿದ್ದೆ. ಅನಂತರ ಆ ಸಾಲನ್ನು ಹೊಡೆದುಹಾಕಿದೆ. ಮಾಡಿದವರೇ ಇಲ್ಲದ ವಾಕ್ಯವನ್ನು ಮಕ್ಕಳು ಬರೆದು ತಂದರೆ, ಯಾರು ಮಾಡಿದರು ಎಂದು ಕೇಳಿ ಹಿಂದಿರುಗಿಸುತ್ತಿದ್ದವಳು ನಾನು. ತಪ್ಪು ತಾನಾಗಿ ನಡೆಯಲಿಲ್ಲ. ನಾನು ಮಾಡಿದೆ. ಚಂದಮ್ಮನವರ ಸೊಂಟ ಮುರಿದದ್ದಕ್ಕೂ ನಿಮ್ಮ ಜೀಪು ಕೈಬಿಟ್ಟುಹೋದದ್ದಕ್ಕೂ ನಾನೇ ಕಾರಣ — ಇದನ್ನು ಇನ್ನೂ ಮೆತ್ತಗೆ ಹೇಳುವ ದಾರಿಯನ್ನು ಹುಡುಕುತ್ತಲೇ ಇಷ್ಟು ವರ್ಷಗಳನ್ನು ಕಳೆದೆ.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ಇದನ್ನು ನೀವಲ್ಲದೆ ಇತರರೂ ಓದಬೇಕಾಗಿದೆ.

ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಪಾಠಕ್ಕಿಂತ ಹೆಚ್ಚಾಗಿ ಹಾಜರಿಯ ವಿಷಯದಲ್ಲಿ ಮಕ್ಕಳು ನನಗೆ ಹೆದರುತ್ತಿದ್ದರು. ಒಬ್ಬನ ಹೆಸರು ಕರೆದಾಗ ಇನ್ನೊಬ್ಬನು ‘ಹಾಜರ್’ ಎಂದು ಕೂಗಿದರೆ, ನಾನು ಇಬ್ಬರನ್ನೂ ಗೈರು ಎಂದು ಗುರುತಿಸುತ್ತಿದ್ದೆ. ಕೂಗಿದವನು ಕಣ್ಣೆದುರಿಗೇ ಕುಳಿತಿದ್ದರೂ ಆ ದಿನದ ಮಟ್ಟಿಗೆ ಅವನು ನನ್ನ ತರಗತಿಯಲ್ಲಿ ಇಲ್ಲ. ಇದು ನನ್ನ ನಿಯಮ. ಇದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಆ ಮಕ್ಕಳಲ್ಲೊಬ್ಬನಾದ ವೀರೇಶನು ಮುಂದೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕನಾದ. ನಾನು ಸ್ವಯಂ ನಿವೃತ್ತಿ ಪಡೆದು ಮನೆಯಲ್ಲಿದ್ದಾಗ ಬಂದು, ತನ್ನ ಪ್ರಯೋಗಕ್ಕೆ ನೆರವಾಗಬೇಕೆಂದು ಕೇಳಿಕೊಂಡ.

ಪ್ರಯೋಗವು ಸರಳವಾಗಿ ಕಾಣುತ್ತಿತ್ತು. ರಸ್ತೆ ದಾಟುವವರ ಬಳಿ ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಒಂದು ಬಿಲ್ಲೆ. ವಾಹನದಲ್ಲಿ ಒಂದು ಪೆಟ್ಟಿಗೆ. ಬಿಲ್ಲೆಯು ತಂತಿಯಿಲ್ಲದೆ ‘ನಾನು ಇಲ್ಲಿದ್ದೇನೆ’ ಎಂದು ಎಡೆಬಿಡದೆ ಸಾರುತ್ತಿರುತ್ತದೆ. ಹತ್ತಿರ ಬಂದ ವಾಹನದ ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಚಾಲಕನಿಗೆ ಎಚ್ಚರಿಕೆ ಹೇಳುತ್ತದೆ. ಇತ್ತ ಬಿಲ್ಲೆಯೂ ನಡುಗಿ, ವಾಹನ ಬರುತ್ತಿದೆಯೆಂದು ದಾಟುವವರಿಗೆ ತಿಳಿಸುತ್ತದೆ. ನಿಂತ ಲಾರಿಯ ಮರೆಯಲ್ಲಿರುವ ಮನುಷ್ಯನೂ ಹೀಗೆ ಚಾಲಕನಿಗೆ ‘ಕಾಣುತ್ತಾನೆ’.

ಕಷ್ಟವಿದ್ದದ್ದು ನಂಬಿಕೆಯಲ್ಲಿ. ವೀರೇಶ ಅದನ್ನು ನನಗೆ ತಿಳಿಯುವ ಭಾಷೆಯಲ್ಲಿಯೇ ಹೇಳಿದ: “ಇದು ನಿಮ್ಮ ಹಾಜರಿ ಇದ್ದಂಗ ನೋಡ್ರಿ ಟೀಚರ್. ಬಿಲ್ಲೆ ‘ಹಾಜರ್’ ಅಂತದ. ಖರೇನೇ ಅದೇ ಅನ್ನಾಕತ್ತದೋ, ಬ್ಯಾರೆ ಯಾರರ ಅದರ ಹೆಸರ್ಲೆ ಒದರಾಕತ್ತಾರೋ, ಡಬ್ಬಿಗಿ ಗೊತ್ತಾಗಬೇಕು.” ಗೊತ್ತಾಗದಿದ್ದರೆ ಯಾರು ಬೇಕಾದರೂ ಇಲ್ಲದ ಮನುಷ್ಯರನ್ನು ರಸ್ತೆಯ ಮೇಲೆ ನಿಲ್ಲಿಸಬಹುದು. ಖಾಲಿ ರಸ್ತೆಯಲ್ಲಿ ಬ್ರೇಕು ಹಾಕಿದವನಿಗೆ ಹಿಂದಿನಿಂದ ಬರುವವನು ಗುದ್ದುತ್ತಾನೆ. ಅದಕ್ಕೆ ಪ್ರತಿ ಬಿಲ್ಲೆಯೊಳಗೂ ಅದಕ್ಕೇ ಮೀಸಲಾದ ಒಂದು ಗುಪ್ತ ಸಂಖ್ಯೆ. ಒಬ್ಬರಿಗೆ ಒಂದೇ ಬಿಲ್ಲೆ, ಒಂದು ಬಿಲ್ಲೆಗೆ ಒಂದೇ ಸಂಖ್ಯೆ. ಪ್ರಯೋಗಕ್ಕೆ ಆರಿಸಿಕೊಂಡಿದ್ದ, ಕಲಬುರಗಿಗೆ ಹತ್ತಿರದ ಕಮಲಾಪುರದಲ್ಲಿ ಜನರನ್ನು ಕೂರಿಸಿಕೊಂಡು ಒಬ್ಬೊಬ್ಬರಿಗೂ ಆ ಸಂಖ್ಯೆಯನ್ನು ತುಂಬಿಕೊಡುವ ಕೆಲಸ ನನ್ನದಾಯಿತು.

ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂತು. ಪೆಟ್ಟಿಗೆಗಾಗಿ ವೀರೇಶ ಬರೆದಿದ್ದ ವಾಕ್ಯ ‘ಮುಂದೆ ಮನುಷ್ಯ ಇದೆ’ ಎಂದಿತ್ತು. ನಾನು ಕೆಂಪು ಶಾಯಿಯಿಂದ ತಿದ್ದಿ ‘ಮುಂದೆ ಪಾದಚಾರಿ ಇದ್ದಾರೆ, ನಿಧಾನವಾಗಿ ಚಲಿಸಿರಿ’ ಎಂದು ಮಾಡಿದೆ. “ಹಂಗಾದ್ರ ನೀವೇ ಓದ್ರಿ ಟೀಚರ್” ಎಂದ. ಹೀಗೆ ನಿಮ್ಮ ಜೀಪಿನಲ್ಲಿ, ನಿಮ್ಮಂತಹ ಎಷ್ಟೋ ಜನರ ವಾಹನಗಳಲ್ಲಿ ನನ್ನ ದನಿ ಸೇರಿಕೊಂಡಿತು. ಪೆಟ್ಟಿಗೆ ಹಾಕಿಸಿಕೊಂಡ ವಾರದಲ್ಲೇ ನೀವು ಎಲ್ಲರೆದುರಿಗೆ ಹೇಳಿದ್ದು ನೆನಪಿದೆ: “ಮನ್ಯಾಗ ಹೆಂಡ್ತಿ, ಗಾಡ್ಯಾಗ ಮೇಡಂ — ಇಬ್ರೂ ಮೆಲ್ಲಕ ಹೋಗು ಅಂತಾರ. ನಾ ಜೋರ್ ಹೋಗೋದರ ಎಲ್ಲಿ ರೀ?” ಎಲ್ಲರೂ ನಕ್ಕರು. ನಾನೂ ನಕ್ಕೆ.

ಚಂದಮ್ಮನವರನ್ನು ಕಮಲಾಪುರದ ದಾರಿಯಲ್ಲಿ ಓಡಾಡುವವರೆಲ್ಲರೂ ಕಂಡಿರುತ್ತಾರೆ. ಹೆದ್ದಾರಿಯ ಬದಿಗೆ, ಕಂಬಗಳ ಮೇಲೆ ತಗಡು ಹೊದಿಸಿದ ಅಂಗಡಿ; ಅದರ ತುಂಬ ಕೆಂಪು ಬಾಳೆಯ ಗೊನೆಗಳು. ಹಣ್ಣು ಮಾಗಿಸುವ ಕೋಣೆ ರಸ್ತೆಯ ಆಚೆಗೆ. ದಿನಕ್ಕೆ ಎಷ್ಟು ಸಲ ದಾಟುತ್ತಿದ್ದರೋ, ಅವರಿಗೂ ಲೆಕ್ಕವಿರಲಿಲ್ಲ. ಕಿವಿ ಪೂರ್ತಿ ಮಂದ, ಹಾರ್ನ್ ಕೇಳಿಸುತ್ತಿರಲಿಲ್ಲ. ಆ ಬಿಲ್ಲೆಯ ಅಗತ್ಯ ಇಡೀ ಕಮಲಾಪುರದಲ್ಲಿ ಯಾರಿಗಾದರೂ ಇದ್ದರೆ ಮೊದಲು ಅವರಿಗೆ. ಎಲೆಯಡಿಕೆಯ ಸಂಚಿಯಲ್ಲಿ ಅದನ್ನು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೊದಲ ಸಲ ಅದು ನಡುಗಿದಾಗ ಕೂಗಿಕೊಂಡರು: “ಅಯ್ಯ ನನ್ನವ್ವಾ! ಹೊಟ್ಟ್ಯಾಗ ಕೂಸು ಒದ್ದಂಗ ಆತದಲ್ರೀ ಅಕ್ಕೋರೆ! ಈ ವಯಸ್ನಾಗ!”

ಬಿಲ್ಲೆಯ ಬ್ಯಾಟರಿ ಮಧ್ಯಾಹ್ನದ ಹೊತ್ತಿಗೆ ಬತ್ತಿಹೋಗುತ್ತಿತ್ತು. ಅದನ್ನು ಚಾರ್ಜಿಗೆ ಇಟ್ಟಿದ್ದ ಒಂದು ಮಧ್ಯಾಹ್ನ ಅವರು ಎಂದಿನಂತೆ ದಾಟಿದರು. ಕಬ್ಬಿನ ಲಾರಿಯೊಂದು ಅವರ ಸೆರಗಿಗೆ ಗಾಳಿ ಹೊಡೆದು ಹೋಯಿತು. ನಾನು ಈಚೆಯ ಬದಿಯಲ್ಲಿ ನಿಂತು ನೋಡುತ್ತಿದ್ದೆ. ಆ ಸಂಜೆಯೇ — ಇಲ್ಲಿಂದ ನನ್ನ ತಪ್ಪು ಆರಂಭವಾಗುತ್ತದೆ. ಕೆಟ್ಟುಹೋದ ಬಿಲ್ಲೆಯ ಸಂಖ್ಯೆಯನ್ನು ಹೊಸದಕ್ಕೆ ತುಂಬಲು ಗಣಕದಲ್ಲಿ ‘ಬದಲಿ’ ಎಂಬ ಸೌಕರ್ಯವಿತ್ತು. ತುಂಬಿದ ಮೇಲೆ ಹಳೆಯದನ್ನು ನಾಶಪಡಿಸಬೇಕೆಂಬುದು ಕಟ್ಟಪ್ಪಣೆ; ಆ ನಿಯಮವನ್ನು ಶುದ್ಧ ಕನ್ನಡದಲ್ಲಿ ಬರೆದುಕೊಟ್ಟವಳೂ ನಾನೇ. ನಾನು ಚಂದಮ್ಮನವರಿಗೆ ಬದಲಿ ಬಿಲ್ಲೆ ಮಾಡಿಕೊಟ್ಟೆ, ಹಳೆಯದನ್ನು ನಾಶಪಡಿಸಲಿಲ್ಲ. ಎರಡನ್ನೂ ಅವರ ಕೈಗಿತ್ತು, ಒಂದು ಚಾರ್ಜಿಗಿದ್ದಾಗ ಇನ್ನೊಂದು ಸಂಚಿಯಲ್ಲಿರಲಿ, ಚಾರ್ಜಿಗಿಟ್ಟದ್ದನ್ನು ಆರಿಸಿಡಿ ಎಂದೆ. ಕರುಣೆಯಿಂದ ಮಾಡಿದೆ ಎಂದು ಹೇಳಿಕೊಳ್ಳಬಹುದು. ಆದರೆ ವೀರೇಶನನ್ನು ಕೇಳಿ ಮಾಡಬಹುದಾಗಿತ್ತಲ್ಲ? ಕೇಳಲಿಲ್ಲ. ನಿಯಮವು ಇತರರಿಗಾಗಿ ಇರುವುದೆಂದು ಒಳಗೊಳಗೆ ನಂಬಿದ್ದೆನೋ ಏನೋ.

ಕೆಲವು ವಾರಗಳ ನಂತರ ನಾನು ಅಲ್ಲಿಗೆ ಹೋದಾಗ ಅಂಗಡಿಯ ಮುಂದೆ ವಾಹನಗಳು ಸಾಲುಗಟ್ಟಿದ್ದವು. ಎರಡನೆಯ ಬಿಲ್ಲೆ ರಸ್ತೆಯ ಕಡೆಗಿನ ಕಂಬಕ್ಕೆ, ಬಾಳೆಗೊನೆಗಳ ನಡುವೆ ಕೆಂಪು ದಾರದಲ್ಲಿ ತೂಗುತ್ತಿತ್ತು. ಪೆಟ್ಟಿಗೆಯಿದ್ದ ಜೀಪು, ಟಂಟಂ ಆಟೋಗಳೆಲ್ಲ ಅಲ್ಲಿಗೆ ಬಂದೊಡನೆ ನನ್ನ ದನಿ ಕೇಳಿ ನಿಧಾನವಾಗುತ್ತಿದ್ದವು. ನಿಧಾನವಾದ ವಾಹನದ ಕಿಟಕಿಗೆ ಚಂದಮ್ಮನವರ ಕೈಯಲ್ಲಿದ್ದ ಹಣ್ಣಿನ ಚಿಪ್ಪು ತಲುಪುತ್ತಿತ್ತು.

“ಇದೇನ್ರೀ ಚಂದಮ್ಮ?” ಎಂದು ಕಂಬದ ಕಡೆಗೆ ಕೈ ತೋರಿಸಿದೆ.

“ಅದು ನನ್ನ ಬದ್ಲಿ ನಿಂತದ ರೀ. ನಾ ಕುಂತಿರ್ತೀನಿ, ಅದು ನಿಂತಿರ್ತದ. ಪಗಾರಿಲ್ಲದ ಆಳು!” ಎಂದು ಬಾಯ್ತುಂಬ ನಕ್ಕರು. “ನಿಮ್ಮ ಆವಾಜ್ ಕೇಳಿ ಗಾಡಿ ನಿಂದ್ರತಾವಂತ. ನನಗ ಕೇಳಂಗಿಲ್ಲ, ನನ್ನ ಹಣ್ಣಿಗಿ ಕೇಳ್ತದ. ತಿನ್ರಿ, ತಿನ್ರಿ.”

ಇಲ್ಲದ ಮನುಷ್ಯರನ್ನು ರಸ್ತೆಯ ಮೇಲೆ ನಿಲ್ಲಿಸುವುದು — ವೀರೇಶ ಹೆದರಿದ್ದ ಮೋಸ ಇದೇ ಅಲ್ಲವೇ? ನನ್ನ ಕಣ್ಣೆದುರಿಗೆ ಬಾಳೆಗೊನೆಯೊಂದು ‘ಹಾಜರ್’ ಎನ್ನುತ್ತಿತ್ತು. ನಾನೇನು ಮಾಡಿದೆ? ಹಣ್ಣು ತಿಂದೆ. ಸಿಪ್ಪೆಯನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು ಬಸ್ಸು ಹತ್ತಿದೆ. ಮುಂದಿನ ಸಲ ಬಂದಾಗ ತೆಗೆಸಿದರಾಯಿತು ಎಂದುಕೊಂಡೆ.

ಆ ಮುಂದಿನ ಸಲಕ್ಕಿಂತ ಮೊದಲು ಕಾಲೇಜಿನಲ್ಲಿ ಸಭೆ ಸೇರಿತು. ವೀರೇಶನಿಗೆ ಹೊಸ ಉಪಾಯ ಹೊಳೆದಿತ್ತು. ಒಂದೇ ಗುಪ್ತ ಸಂಖ್ಯೆ ಏಕಕಾಲಕ್ಕೆ ಎರಡು ಜಾಗಗಳಿಂದ ಕೇಳಿಬಂದರೆ ಅದು ಕದ್ದ ಸಂಖ್ಯೆಯೆಂದು ತಿಳಿದು, ಪೆಟ್ಟಿಗೆಯು ಎರಡೂ ದನಿಗಳನ್ನು ತಳ್ಳಿಹಾಕಬೇಕು. ಎರಡು ಕಡೆಯಿಂದ ಕೇಳಿಸುತ್ತಿರುವಷ್ಟು ಹೊತ್ತೂ ಆ ಸಂಖ್ಯೆಯನ್ನು ನಂಬಬಾರದು. ಎಲ್ಲ ಪೆಟ್ಟಿಗೆಗಳಿಗೂ ಈ ನಿಯಮವನ್ನು ಕಳುಹಿಸುವುದಾಗಿ ಹೇಳಿದ. ಆಮೇಲೆ ನನ್ನ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವಂತೆ ಅಂದ: “ಇದು ನನ್ನ ಐಡಿಯಾ ಅಲ್ರಿ, ನಮ್ಮ ಟೀಚರ್‌ದು. ಒಬ್ಬಂದು ಇನ್ನೊಬ್ಬ ಹೇಳಿದ್ರ ಇಬ್ರೂ ಗೈರು. ನಾ ಎಷ್ಟ್ ಸಲ ಗೈರಾಗೀನಿ ಕೇಳ್ರಿ ಬೇಕಾದ್ರ!”

ಜನರು ಚಪ್ಪಾಳೆ ತಟ್ಟಿದರು.

ಆಗ ನಾನು ಎದ್ದು ನಿಲ್ಲಬೇಕಾಗಿತ್ತು. ಕಮಲಾಪುರದಲ್ಲಿ ಒಂದೇ ಸಂಖ್ಯೆಯ ಎರಡು ಬಿಲ್ಲೆಗಳಿವೆ, ಮಾಡಿದವಳು ನಾನು, ಆ ನಿಯಮ ಹೊರಡುವ ಮುನ್ನ ಒಂದನ್ನು ತರುತ್ತೇನೆ — ಇಷ್ಟು ಹೇಳಿದ್ದರೆ ಸಾಕಾಗುತ್ತಿತ್ತು. ನಾನು ಏಳಲಿಲ್ಲ. ಹಾಜರಿಯಲ್ಲಿ ಮೋಸವನ್ನು ಸಹಿಸದ ಟೀಚರ್ ಎಂದು ಚಪ್ಪಾಳೆ ತಟ್ಟಿಸಿಕೊಂಡ ಮರುಗಳಿಗೆಯಲ್ಲೇ, ಆ ಮೋಸವನ್ನು ಮಾಡಿದವಳು ನಾನೇ ಎನ್ನುವುದು ಹೇಗೆ? ನಿಯಮ ಯಾವಾಗ ಪೆಟ್ಟಿಗೆಗಳನ್ನು ಸೇರುತ್ತದೆ ಎಂದು ಕೂಡ ಕೇಳಲಿಲ್ಲ. ಕೇಳಿದರೆ ಏಕೆ ಎಂದು ಕೇಳಿಯಾನು ಎಂಬ ಅಳುಕು. ಆ ವಾರ ಕಮಲಾಪುರಕ್ಕೆ ಹೋಗಿ ಸದ್ದಿಲ್ಲದೆ ಬಿಲ್ಲೆ ತಂದರಾಯಿತು ಎಂದುಕೊಂಡೆ. ಮೊದಲ ದಿನ ತಲೆನೋವೆಂದು ಹೋಗಲಿಲ್ಲ. ಮಾರನೆಯ ದಿನ ಮನೆಗೆ ನೆಂಟರು. ಆಮೇಲೆ — ಕಾರಣಗಳನ್ನು ಜೋಡಿಸುವುದರಲ್ಲಿ ನಾನು ನನ್ನ ಸೋಮಾರಿ ವಿದ್ಯಾರ್ಥಿಗಳಿಗಿಂತ ಏನೂ ಕಡಿಮೆಯಿರಲಿಲ್ಲ.

ಆ ಬೆಳಿಗ್ಗೆ ಏನಾಯಿತೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀವು ಕಲಬುರಗಿಯಿಂದ ಜನರನ್ನು ತುಂಬಿಕೊಂಡು ಬರುತ್ತಿದ್ದಿರಿ. ಅಂಗಡಿಯ ಬಳಿ ಲಾರಿಯೊಂದು ನಿಂತಿತ್ತು. ಚಂದಮ್ಮನವರು ತಲೆಯ ಮೇಲೆ ಗೊನೆ ಹೊತ್ತು ಅದರ ಮರೆಯಿಂದ ರಸ್ತೆಗೆ ಇಳಿದರು. ಅವರ ಸಂಚಿಯಲ್ಲಿದ್ದ ಬಿಲ್ಲೆ ‘ನಾನು ಇಲ್ಲಿದ್ದೇನೆ’ ಎಂದಿತು. ಕಂಬದ ಮೇಲಿನ ಬಿಲ್ಲೆಯೂ ‘ನಾನು ಇಲ್ಲಿದ್ದೇನೆ’ ಎಂದಿತು. ನಿಮ್ಮ ಪೆಟ್ಟಿಗೆ ಎರಡನ್ನೂ ಕೇಳಿಸಿಕೊಂಡು, ನನ್ನ ತರಗತಿಯ ನಿಯಮದಂತೆ ಇಬ್ಬರನ್ನೂ ಗೈರು ಎಂದು ಎಣಿಸಿ, ಸುಮ್ಮನಾಯಿತು. ತಾನು ನಂಬದ ಸಂಖ್ಯೆಗೆ ಅದು ಎಚ್ಚರಿಕೆಯನ್ನೂ ಕಳುಹಿಸಲಿಲ್ಲವಾಗಿ, ಸಂಚಿಯೂ ನಡುಗಲಿಲ್ಲ. ಇಬ್ಬರಲ್ಲಿ ಒಬ್ಬರು ನಿಜವಾಗಿಯೂ ಅಲ್ಲಿದ್ದರು.

ಜೀಪು ಅವರಿಗೆ ಬಡಿದ ಸುದ್ದಿ ತಿಳಿದು ನಾನು ಸಿಕ್ಕ ಆಟೋ ಹಿಡಿದು ಹೊರಟೆ. ಈಗ ಬರೆಯುವುದನ್ನು ನಿನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ. ನೀವು ಅದೇ ಜೀಪಿನಲ್ಲಿ ಅವರನ್ನು ಮಲಗಿಸಿಕೊಂಡು ಕಲಬುರಗಿಯ ದವಾಖಾನೆಗೆ ಧಾವಿಸಿದ್ದಿರಿ. ನನ್ನ ಆಟೋ ದವಾಖಾನೆಯ ಕಡೆಗೆ ತಿರುಗಬೇಕಾಗಿತ್ತು. ನಾನು ಕಮಲಾಪುರಕ್ಕೆ ಹೋದೆ. ಜಜ್ಜಿದ ಹಣ್ಣುಗಳನ್ನು ನೋಡುತ್ತ ನಿಂತವರ ನಡುವೆ ನುಸುಳಿ, ಕೆಂಪು ದಾರವನ್ನು ಹರಿದು, ಬಿಲ್ಲೆಯನ್ನು ಆರಿಸಿ ಕೈಚೀಲಕ್ಕೆ ಹಾಕಿಕೊಂಡೆ. ಆಮೇಲೆಯೇ ಚಂದಮ್ಮನವರು ಬದುಕಿದ್ದಾರೆಯೇ ಎಂದು ಒಬ್ಬರನ್ನು ಕೇಳಿದೆ. ಮೊದಲು ದಾರ, ಆಮೇಲೆ ಆ ಪ್ರಶ್ನೆ. ಈ ಅನುಕ್ರಮವನ್ನು ನಾನು ತಿದ್ದಲಾರೆ.

ವಿಚಾರಣೆ ಕಾಲೇಜಿನ ಒಂದು ಕೋಣೆಯಲ್ಲಿ ನಡೆಯಿತು. ಪೆಟ್ಟಿಗೆಯನ್ನು ಮತ್ತೆ ಪರೀಕ್ಷಿಸಿದರು, ಚೆನ್ನಾಗಿಯೇ ಮಾತನಾಡಿತು. ಕಂಬದ ಬಿಲ್ಲೆ ನನ್ನ ಬಳಿ ಆರಿ ಮಲಗಿರುವಾಗ ಅದಕ್ಕೆ ಅನುಮಾನವೇತಕ್ಕೆ? ತಳ್ಳಿಹಾಕಿದ ದನಿಗಳನ್ನು ನೆನಪಿಟ್ಟುಕೊಳ್ಳುವಷ್ಟು ಜಾಗ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಆದ್ದರಿಂದ, ನಂಬದೆ ಸುಮ್ಮನಿದ್ದ ಪೆಟ್ಟಿಗೆಗೂ ಆರಿಸಿಟ್ಟ ಪೆಟ್ಟಿಗೆಗೂ ಹೊರಗಿನಿಂದ ವ್ಯತ್ಯಾಸ ಕಾಣುತ್ತಿರಲಿಲ್ಲ. ಚಾಲಕರು ಪೆಟ್ಟಿಗೆಯನ್ನು ಆರಿಸುವುದುಂಟೇ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ನಾನು ಹೇಳಿದೆ:

“ಕೆಲವು ಚಾಲಕರು ಪೆಟ್ಟಿಗೆಯನ್ನು ಆರಿಸಿಡುವುದುಂಟು.”

ವಾಕ್ಯದಲ್ಲಿ ದೋಷವಿರಲಿಲ್ಲ. ಅದು ಸುಳ್ಳೂ ಆಗಿರಲಿಲ್ಲ. ಇಬ್ಬರು ಮೂವರು ಹಾಗೆ ಮಾಡಿದ್ದನ್ನು ನಾನು ಬಲ್ಲೆ. ಆದರೆ ಆ ಕೋಣೆಯಲ್ಲಿ, ನಿಮ್ಮ ಎದುರಿಗೆ, ಆ ಪ್ರಶ್ನೆಗೆ ಉತ್ತರವಾಗಿ ಹೇಳಿದಾಗ ಅದು ನನ್ನ ಬಾಳಿನ ಅತಿ ದೊಡ್ಡ ಸುಳ್ಳಾಯಿತು. ನೀವು ಯಾರನ್ನೂ ಬೈಯಲಿಲ್ಲ. ನನ್ನೊಬ್ಬಳನ್ನೇ ನೋಡಿ ಹೇಳಿದಿರಿ: “ಮೇಡಂ, ನಿಮ್ದೇ ಆವಾಜ್ ರೀ ಅದು. ದಿನಾ ಕೇಳ್ತೀನಿ. ಅವತ್ತ ಬರಲಿಲ್ರೀ. ಕಸಂ ಮಾಡಿ ಹೇಳ್ತೀನಿ, ಬರಲಿಲ್ಲ.”

ಜೀಪಿನ ಮಾಲೀಕರು ನಿಮ್ಮಿಂದ ಬೀಗದ ಕೈ ತೆಗೆದುಕೊಂಡರು. ನೀವು ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿಯ ಚೀಲ ಹೊರುತ್ತಿದ್ದೀರಿ ಎಂದು ಯಾರೋ ಹೇಳಿದರು. ಅಂದಿನಿಂದ ನಾನು ಬೇಳೆ ಕೊಳ್ಳಲು ಆ ಮಾರುಕಟ್ಟೆಗೆ ಹೋಗುವುದನ್ನು ಬಿಟ್ಟೆ.

ಚಂದಮ್ಮನವರನ್ನು ನೋಡಲು ದವಾಖಾನೆಗೆ ಹೋದಾಗ ಅವರು ನನ್ನ ಕೈ ಹಿಡಿದುಕೊಂಡರು. “ನನ್ನ ತಪ್ಪೇ ರೀ ಅಕ್ಕೋರೆ. ನಿಮ್ಮ ಬಿಲ್ಲಿ ಕಂಬಕ್ಕ ತೂಗಹಾಕಿ ಮಂದಿಗಿ ಮೋಸ ಮಾಡ್ದೆ. ದೇವ್ರು ಸಿಟ್ಟಾದ. ನೀವು ಕೊಟ್ಟೀರಂತ ಯಾರ ಮುಂದೂ ಹೇಳಂಗಿಲ್ಲ ರೀ, ನಿಮ್ಮ ಹೆಸರು ಕೆಡಬಾರ್ದು.” ಹೇಳಬೇಡಿರೆಂದು ಕೇಳಿಕೊಳ್ಳಲು ನಾನು ಹೋಗಿದ್ದೆ. ಕೇಳುವ ಪ್ರಸಂಗವೇ ಬರಲಿಲ್ಲ. ದೇವರ ಸಿಟ್ಟನ್ನು ಅವರ ಹಾಸಿಗೆಯ ಪಕ್ಕದಲ್ಲಿ ಹಾಗೆಯೇ ಬಿಟ್ಟು ಬಂದೆ.

ಆ ಬಿಲ್ಲೆಯನ್ನು ಎಸೆಯಲಾಗಲಿಲ್ಲ. ತೊಗರಿಬೇಳೆಯ ಸ್ಟೀಲ್ ಡಬ್ಬಿಯ ತಳದಲ್ಲಿ ಹೂತಿಟ್ಟೆ. ಆ ಡಬ್ಬಿಯ ಬೇಳೆಯನ್ನು ಆಮೇಲೆ ಬೇಯಿಸಲಿಲ್ಲ. ಆರಿಸಿದ್ದೇನೆಂದು ಗೊತ್ತಿದ್ದರೂ ಅದು ಒಳಗೆ ನಡುಗಿದಂತೆ, ಬೇಳೆ ಸರಿದ ಸದ್ದು ಕೇಳಿದಂತೆ ಆಗಿ, ಅನ್ನಕ್ಕಿಟ್ಟವಳು ನಿಂತುಬಿಡುತ್ತೇನೆ. ಫೋನು ಬಂದರೆ ವೀರೇಶನಿರಬಹುದೇ? ಬಾಗಿಲು ಸದ್ದಾದರೆ — ನೀವು? ರಸ್ತೆ ದಾಟುವುದೂ ಈಗ ಕಷ್ಟ. ಒಂದು ಸಲ ನಮ್ಮ ಊರಿನ ರೋಜಾ ಬಡಾವಣೆಯ ಕಡೆಗೆ ಹೋಗಿದ್ದಾಗ, ದರ್ಗಾದ ದಾರಿಯಲ್ಲಿ ದಾಟಲಾಗದೆ ಬಹಳ ಹೊತ್ತು ನಿಂತಿದ್ದೆ. ಯಾರೋ ಪಕ್ಕದಲ್ಲಿ ಬಂದು, ಬರುತ್ತಿದ್ದ ಆಟೋಗೆ ಕೈ ಅಡ್ಡ ಹಿಡಿದರು. “ಬರ್ರಿ ಮೇಡಂ, ನಾ ನಿಂದ್ರಸ್ತೀನಿ.” ನೀವು. ಹೆಗಲ ಮೇಲೆ ಚೀಲದ ಧೂಳು. ಆಚೆ ಮುಟ್ಟಿದ ಮೇಲೆ “ಆರಾಮ ಇದ್ದೀರೇನ್ರಿ?” ಎಂದು ಕೇಳಿದಿರಿ. ಆರಾಮವಾಗಿದ್ದೇನೆ ಎಂದೆ. ಅದು ಎರಡನೆಯ ಸುಳ್ಳು.

ಕಳೆದ ವಾರ ವೀರೇಶ ಫೋನು ಮಾಡಿದ. ಈ ಸಲ ಪ್ರಯೋಗ ರೋಜಾದಲ್ಲಿ. ದರ್ಗಾದ ಉರುಸಿನ ಜನಜಂಗುಳಿಯಲ್ಲಿ ವಯಸ್ಸಾದವರಿಗೂ ಕಿವಿ ಕೇಳದವರಿಗೂ ಬಿಲ್ಲೆ ಕೊಡುತ್ತಾರಂತೆ. ಸ್ವಯಂಸೇವಕರಿಗೆ ನಾನೇ ಕಲಿಸಿಕೊಡಬೇಕಂತೆ. ನಿಯಮವನ್ನೇನಾದರೂ ಬದಲಿಸಿದ್ದೀಯಾ ಎಂದು ಕೇಳಿದೆ.

“ಯಾಕ್ರಿ ಟೀಚರ್? ಕಮಲಾಪುರದಾಗ ಡಬ್ಬಿದೇನೂ ತಪ್ಪಿದ್ದಿಲ್ಲಲ್ಲ. ಡ್ರೈವರ್ ಆರಿಸಿಟ್ಟಿದ್ದ. ಅದೇ ನಿಯಮ, ಅದೇ ಡಬ್ಬಿ. ಬ್ಯಾಟರಿ ತ್ರಾಸ್ ಅದ ಅಂತ ಹುಡುಗ್ರು ಬದಲಿ ಬಿಲ್ಲಿ ಕೇಳಾಕತ್ತಾರ. ನೋಡಮಂತ.”

ಹುಡುಗರು ಬದಲಿ ಬಿಲ್ಲೆ ಕೇಳುತ್ತಿದ್ದಾರೆ. ಯಾರಾದರೊಬ್ಬರು, ನನ್ನಂತೆಯೇ ಮರುಕದಿಂದ, ಹಳೆಯದನ್ನು ನಾಶಪಡಿಸದೆ ಕೊಟ್ಟಾರು. ಆ ಗುಂಪಿನಲ್ಲಿ, ಹಾರ್ನ್ ಕೇಳದ ಇನ್ನೊಬ್ಬರು, ತಮ್ಮನ್ನು ಕಾಯುವುದೊಂದಿದೆ ಎಂದು ನಂಬಿ ರಸ್ತೆಗೆ ಇಳಿದಾರು. ನನ್ನ ದನಿ ಮತ್ತೆ ಸುಮ್ಮನಿರುತ್ತದೆ. ಇಷ್ಟು ದಿನ ನಾನು ಮುಚ್ಚಿಟ್ಟದ್ದು ಮುಗಿದುಹೋದ ಸಂಗತಿಯಲ್ಲ — ಇನ್ನೂ ಆಗಬೇಕಾಗಿರುವ ಅಪಘಾತ.

ನಿನ್ನೆ ಕಮಲಾಪುರಕ್ಕೆ ಹೋಗಿದ್ದೆ. ಚಂದಮ್ಮನವರು ಈಗ ಮನೆಯ ಹೊಸ್ತಿಲ ಆಚೆಗೆ ಕೋಲಿಲ್ಲದೆ ಬರಲಾರರು. ಕಿವಿಯ ಬಳಿ ಬಾಯಿಟ್ಟು, ಜೋರಾಗಿ, ಎಲ್ಲವನ್ನೂ ಹೇಳಿದೆ; ಓಣಿಗೆಲ್ಲ ಕೇಳಿಸಿರಬೇಕು. ಅವರು ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ಕೇಳಿದರು: “ಹಂಗಾರ... ದೇವ್ರ ಸಿಟ್ಟು ಇದ್ದಿಲ್ಲೇನ್ರಿ ಅದು?”

ಇರಲಿಲ್ಲ ಎಂದೆ.

“ಇಷ್ಟ್ ದಿನ ನಾ ಅವನ ಕೈಕಾಲು ಹಿಡಿದೀನಲ್ರೀ” ಎಂದರು. ನನ್ನ ಕೈಯನ್ನು ಈ ಸಲ ಹಿಡಿಯಲಿಲ್ಲ.

ಬೇಳೆಯ ಡಬ್ಬಿಯಿಂದ ಬಿಲ್ಲೆಯನ್ನು ತೆಗೆದು ಹಿಟ್ಟನ್ನು ಒರೆಸಿ ಚಾರ್ಜಿಗೆ ಇಟ್ಟಿದ್ದೇನೆ. ದೀಪ ಹತ್ತಿದೆ. ಚಂದಮ್ಮನವರ ಸಂಚಿಯ ಬಿಲ್ಲೆಯನ್ನೂ ಕೇಳಿ ತಂದಿದ್ದೇನೆ. ನಾಳೆ ಬೆಳಿಗ್ಗೆ ಹಳೆಯ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ರೋಜಾದಲ್ಲಿರುವ ನಿಮ್ಮ ಮನೆಗೆ ಬರಲು ವೀರೇಶನಿಗೆ ಹೇಳಿದ್ದೇನೆ, ಏಕೆಂದು ಹೇಳಿಲ್ಲ. ಪೆಟ್ಟಿಗೆಯ ಎದುರಿಗೆ ಒಂದು ಬಿಲ್ಲೆಯನ್ನಿಟ್ಟರೆ ಅದು ಮಾತನಾಡುತ್ತದೆ. ಎರಡನೆಯದನ್ನು ಓಣಿಯ ಆಚೆ ತುದಿಗೆ ಇಟ್ಟರೆ ಸುಮ್ಮನಾಗುತ್ತದೆ. ಆ ಮೌನವನ್ನು ಅವನು ನಿಮ್ಮ ಪಕ್ಕದಲ್ಲಿ ನಿಂತು ಕೇಳಬೇಕು.

ನೀವು ಉರ್ದು ಶಾಲೆಯಲ್ಲಿ ಕಲಿತವರು. ಕನ್ನಡ ಅಕ್ಷರಗಳನ್ನು ಕೂಡಿಸಿ ಓದುತ್ತೀರೆಂದು ಒಮ್ಮೆ ಹೇಳಿದ್ದಿರಿ. ಆದ್ದರಿಂದ ಈ ಹಾಳೆಗಳನ್ನು ನಿಮ್ಮ ಕೈಗಿತ್ತು ಹೊರಟುಬಿಡುವಂತಿಲ್ಲ. ನಾನೇ ಓದುತ್ತೇನೆ — ನಿಮ್ಮ ಜೀಪಿನಲ್ಲಿ ದಿನವೂ ಕೇಳಿಸುತ್ತಿದ್ದ ದನಿಯಲ್ಲಿ, ಅಂದು ಬಾರದೆ ಹೋದ ಅದೇ ದನಿಯಲ್ಲಿ. ನಡುವೆ ನೀವು ಎದ್ದು ಬಾಗಿಲು ಮುಚ್ಚಿಕೊಂಡರೆ, ಹೊರಗೆ ನಿಂತು ಕೊನೆಯವರೆಗೂ ಓದುತ್ತೇನೆ.